ಎರಡನೇ ಕ್ವಾರ್ಟರಿನಲ್ಲಿ ಬೀಳುತ್ತಿದ್ದ ಹುಡುಗಿ

ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿ ಮೂವತ್ತೊಂದು ವರ್ಷ ದುಡಿದು ನಾನು ಹೊಸಪೇಟೆಯಲ್ಲಿ ನಿವೃತ್ತಳಾದೆ. ಮೊದಲ ನೇಮಕ ಸಂಡೂರು ತಾಲ್ಲೂಕಿನ ಚೋರನೂರು ಕಡೆಗೆ, ಕೊನೆಯ ಹನ್ನೊಂದು ವರ್ಷ ಹೊಸಪೇಟೆಯಲ್ಲಿ. ಬಾಸ್ಕೆಟ್‌ಬಾಲ್ ರೆಫರಿಯಾಗಿ ಸಣ್ಣವು ದೊಡ್ಡವು ಸೇರಿ ನೂರಾರು ಪಂದ್ಯಗಳಿಗೆ ಸೀಟಿ ಊದಿದ್ದೇನೆ. ಜನ ಬೈದಿದ್ದಾರೆ, ಒಮ್ಮೆ ಚಪ್ಪಲಿಯನ್ನೂ ಎಸೆದಿದ್ದಾರೆ. ಅವೆಲ್ಲ ಮರೆತುಹೋಗಿವೆ. ನಿವೃತ್ತಿಯ ಎರಡನೇ ವರ್ಷ ಆಡಿಸಿದ, ಹನ್ನೊಂದು ಹನ್ನೆರಡು ವಯಸ್ಸಿನ ಹುಡುಗಿಯರ ಒಂದು ಪಂದ್ಯ ಮಾತ್ರ ಮರೆತಿಲ್ಲ. ನೆನೆದಾಗಲೆಲ್ಲ ಸಿಟ್ಟು ಬರುತ್ತದೆ. ಇದನ್ನು ಬರೆಯುತ್ತಿರುವುದೂ ಆ ಸಿಟ್ಟಿನಲ್ಲೇ.

ಆ ವರ್ಷದ ನವೆಂಬರಿನಲ್ಲಿ ಕೆಲವು ಪೋಷಕರು, ನನ್ನ ಹಳೆಯ ವಿದ್ಯಾರ್ಥಿನಿಯರು ಕೂಡಿ ಹುಡುಗಿಯರಿಗೊಂದು ಭಾನುವಾರದ ಲೀಗ್ ಮಾಡುವ ಮಾತು ತೆಗೆದರು. ಹೊಸಪೇಟೆಯ ಎರಡು ತಂಡ, ಕಂಪ್ಲಿಯದೊಂದು, ಸಂಡೂರಿನದೊಂದು. ಪ್ರತಿ ತಂಡ ಉಳಿದ ಮೂರರೊಡನೆ ಒಂದೊಂದು ಪಂದ್ಯ ಆಡಿ, ಮೊದಲೆರಡು ಸ್ಥಾನದವರು ನಾಲ್ಕನೇ ಭಾನುವಾರ ಫೈನಲ್ ಆಡುವುದು. ಆಯ್ಕೆ ಶಿಬಿರವಿಲ್ಲ, ಜಿಲ್ಲಾ ತಂಡವಿಲ್ಲ. ಚೆಂಡು ಮುಟ್ಟಿಯೇ ಇಲ್ಲದ ಹುಡುಗಿಯರೂ ಬಂದು ಖುಷಿಗೆ ಆಡಲಿ ಎನ್ನುವುದಷ್ಟೇ ಉದ್ದೇಶ. ನಿಯಮ ಬರೆಯುವ ಕೆಲಸ ನನಗೆ ಬಂತು.

ನಾನು ಬರೆದದ್ದು ಒಂದೇ ಪುಟ. ಅದರಲ್ಲಿನ ನಾಲ್ಕನೇ ನಿಯಮದ ಮೇಲೆ ನನಗೆ ಬಹಳ ಹೆಮ್ಮೆ ಇತ್ತು. ಪಂದ್ಯಕ್ಕೆ ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್, ಅಂದರೆ ನಾಲ್ಕು ಭಾಗ. ತಂಡದಲ್ಲಿ ಎಂಟು ಹುಡುಗಿಯರು, ಅಂಗಳದಲ್ಲಿ ಒಂದು ಸಲಕ್ಕೆ ಐವರು. ಪ್ರತಿ ಹುಡುಗಿಯೂ ಎರಡು ಕ್ವಾರ್ಟರ್ ಪೂರ್ತಿ ಆಡಲೇಬೇಕು, ಯಾರೂ ಮೂರಕ್ಕಿಂತ ಹೆಚ್ಚು ಆಡುವಂತಿಲ್ಲ. ಎಷ್ಟೇ ಚೆನ್ನಾಗಿ ಆಡುವವಳೂ ಒಂದು ಕ್ವಾರ್ಟರ್ ಹೊರಗೆ ಕೂರಬೇಕು, ಎಷ್ಟೇ ಹಿಂದುಳಿದವಳೂ ಅರ್ಧ ಪಂದ್ಯ ಆಡಬೇಕು ಎಂದಾಯಿತು. ಕೊನೆಗೆ ಒಂದು ಸಾಲು ಸೇರಿಸಿದೆ: ಗಾಯವಾದರೆ ಮಾತ್ರ ನಡುವೆ ಬದಲಿ ಇಳಿಸಬಹುದು, ಹಾಗೆ ಇಳಿದವಳ ಲೆಕ್ಕಕ್ಕೆ ಆ ಕ್ವಾರ್ಟರ್ ಸೇರುವುದಿಲ್ಲ, ಗಾಯವಾದವಳು ಆ ದಿನ ಮತ್ತೆ ಆಡುವಂತಿಲ್ಲ. ನೋವಾದ ಮಗುವನ್ನು ಹೊರಗೆ ಕರೆಯಲು ಯಾವ ಕೋಚೂ ಹಿಂದೆಮುಂದೆ ನೋಡಬಾರದು ಎಂದು ಬರೆದ ಸಾಲು ಅದು.

ಕಂಪ್ಲಿ ತಂಡದ ಕೋಚ್ ವಿರೂಪಾಕ್ಷಿ. ಹದಿನೈದು ವರ್ಷದ ಹಿಂದೆ ನನ್ನ ಶಾಲೆಯಲ್ಲೇ ಚೆಂಡು ಹಿಡಿಯಲು ಕಲಿತವನು. ಅವನನ್ನು ಸುಮ್ಮನೆ ಕೆಟ್ಟವನೆಂದುಬಿಟ್ಟರೆ ಸುಳ್ಳಾಗುತ್ತದೆ. ವಾರವಿಡೀ ಬೆಳಿಗ್ಗೆ ಐದೂವರೆಗೆದ್ದು ಹುಡುಗಿಯರಿಗೆ ಅಭ್ಯಾಸ ಮಾಡಿಸುತ್ತಿದ್ದ, ಭಾನುವಾರ ಮೊದಲ ಬಸ್ಸಿಗೆ ಎಂಟೂ ಜನರನ್ನು ಹತ್ತಿಸಿಕೊಂಡು ಹೊಸಪೇಟೆಗೆ ಬರುತ್ತಿದ್ದ. ಅವನ ತಂಡದ ಅಕ್ಷತಾ ಎಂಬ ಎತ್ತರದ ಹುಡುಗಿ ಇಡೀ ಲೀಗಿನಲ್ಲೇ ಒಳ್ಳೆಯ ಆಟಗಾರ್ತಿ. ಅವಳು ಹೊರಗೆ ಕೂರುತ್ತಿದ್ದುದು ಎರಡನೇ ಕ್ವಾರ್ಟರಿನಲ್ಲಿ. ಆಗ ಅಂಗಳಕ್ಕಿಳಿಯುತ್ತಿದ್ದವರಲ್ಲಿ ಒಬ್ಬಳು ಹುಲಿಗೆಮ್ಮ. ಹನ್ನೊಂದು ವರ್ಷ, ಸಣಕಲು ಮೈ. ತಾಯಿ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕನ ಬೂಟು ಹಾಕಿಕೊಂಡು ಬರುತ್ತಿದ್ದ ಹುಲಿಗೆಮ್ಮನನ್ನು ತಂಡದವರೆಲ್ಲ ಹುಲಿಗಿ ಎಂದೇ ಕರೆಯುತ್ತಿದ್ದರು.

ಮೊದಲ ಭಾನುವಾರ, ಎರಡನೇ ಕ್ವಾರ್ಟರಿನ ಮೂರನೇ ನಿಮಿಷದಲ್ಲಿ ಹುಲಿಗೆಮ್ಮ ಬಲಗಾಲಿನ ಹರಡು ಹಿಡಿದುಕೊಂಡು ಕುಸಿದಳು. ನಾನು ಸೀಟಿ ಊದಿ ಗಡಿಯಾರ ನಿಲ್ಲಿಸಿದೆ. ಇಬ್ಬರು ಹುಡುಗಿಯರು ಅವಳನ್ನು ಹೊರಗೆ ನಡೆಸಿಕೊಂಡು ಹೋದರು. ಹೊರಗೆ ಕೂತಿದ್ದ ಅಕ್ಷತಾ, ಲೆಕ್ಕಕ್ಕೆ ಸೇರದ ಬದಲಿಯಾಗಿ, ಒಳಗೆ ಬಂದಳು. ಕಂಪ್ಲಿ ಗೆದ್ದಿತು.

ಎರಡನೇ ಭಾನುವಾರ ಅದೇ ಕ್ವಾರ್ಟರು, ಹೆಚ್ಚುಕಡಿಮೆ ಅದೇ ನಿಮಿಷ. ಹುಲಿಗೆಮ್ಮ ಮತ್ತೆ ಬಿದ್ದಳು. ಈ ಸಲ ಎಡಗಾಲು. ಪಂದ್ಯ ಮುಗಿದ ಮೇಲೆ ನೋಡಿದರೆ ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದುಕೊಂಡು ಬಸ್ಸಿನ ಕಡೆಗೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಅವಳೇ.

ಮೂರನೇ ಭಾನುವಾರ ಅವಳು ಬಿದ್ದಾಗ ನಾನೇ ಪಕ್ಕದಲ್ಲಿ ಮಂಡಿಯೂರಿ, "ಎಲ್ಲೈತಿ ನೋವು?" ಎಂದು ಕೇಳಿದೆ. ಹುಡುಗಿ ಉತ್ತರ ಕೊಡುವ ಮೊದಲು ಬೆಂಚಿನ ಕಡೆ ನೋಡಿದಳು. ಆಮೇಲೆ, "ಇಲ್ಲೇ ರೀ" ಎಂದು ಕಾಲಿನ ಮೇಲೆ ಕೈಯಿಟ್ಟಳು. ಬಾವಿರಲಿಲ್ಲ. ಒತ್ತಿದರೆ ಮುಖವೂ ಕಿವುಚಲಿಲ್ಲ. ಆದರೂ ಎದ್ದು ನಿಂತು, ಎರಡು ಕೈ ಅಡ್ಡ ಹಿಡಿದು ಬದಲಿಯ ಸಂಜ್ಞೆ ಮಾಡಿದೆ. ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟಿಗೆ ಸಹಿಯನ್ನೂ ಹಾಕಿದೆ. ಆ ಮೂರು ಹಾಳೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಯಿತು. ನಲವತ್ತೆಂಟು ನಿಮಿಷ ಆಡಬೇಕಾಗಿದ್ದ ಹುಲಿಗೆಮ್ಮ ಆಡಿದ್ದು ಒಟ್ಟು ಒಂಬತ್ತು ನಿಮಿಷ.

ನಲ್ಲಿಯ ಹತ್ತಿರ ಅವಳೊಬ್ಬಳೇ ಸಿಕ್ಕಳು. ಕೆಮ್ಮಣ್ಣು ಮೆತ್ತಿದ ಕಾಲುಚೀಲ ತೊಳೆಯುತ್ತಿದ್ದಳು. ಗದರಿಸದೆ ಕೇಳಿದೆ: "ಹುಲಿಗಿ, ಯಾಕ ಬೀಳ್ತಿ?"

ಮಗು ಏನನ್ನೂ ಮುಚ್ಚಿಡಲಿಲ್ಲ. "ಸರ್ ಟೊಪಿಗಿ ತೆಗದು ತಿರುಗಿ ಹಾಕ್ಕೊಂಡ್ರ ನಾ ಬೀಳಬೇಕ್ರಿ ಮೇಡಂ."

"ನಿನಗ ಆಡಾಕ ಇಷ್ಟ ಇಲ್ಲೇನು?"

"ಇಷ್ಟ ಐತ್ರಿ. ಆದ್ರ ನನಗ ಬಾಲು ಸರಿಯಾಗಿ ಹಿಡಿಯಾಕ ಬರಂಗಿಲ್ಲ. ಚಂದ ಬೀಳಾಕ ಬರ್ತೈತಿ. ನಮ್ಮ ಟೀಮಿನಾಗ ಹುಲಿಗಿಯಂಗ ಯಾರೂ ಬೀಳಂಗಿಲ್ಲ ಅಂತಾರ್ರಿ ಸರ್."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು. ಆಟ ಕಲಿಯಲೆಂದು ಕಂಪ್ಲಿಯಿಂದ ಬಸ್ಸು ಹತ್ತಿ ಬಂದ ಮಗುವಿಗೆ ಮೂರು ವಾರದಲ್ಲಿ ಸಿಕ್ಕ ಒಂದೇ ಶಹಬ್ಬಾಸ್ ಅದು! ನನಗೆ ಮೈಯೆಲ್ಲ ಉರಿದುಹೋಯಿತು.

ಬಸ್ಸಿನ ಬಾಗಿಲಲ್ಲಿ ವಿರೂಪಾಕ್ಷಿಯನ್ನು ಹಿಡಿದು ನಿಲ್ಲಿಸಿದೆ. ಅವನು ಅಲ್ಲಗಳೆಯಲೂ ಇಲ್ಲ. ನಗುತ್ತಲೇ ಹೇಳಿದ: "ರೂಲ್ ನೀವ ಬರದಿದ್ದಲ್ರಿ ಮೇಡಂ. ನಾ ಒಂದರೆ ಮುರದೀನೇನ್ರಿ? ರೂಲ್ ಬುಕ್ ಪೂರಾ ಓದ್ಕೊಂಡ ಗ್ರೌಂಡಿಗೆ ಬರಬೇಕು ಅಂತ ಕಲಿಸಿದವರು ನೀವ."

"ಆ ಮಗೂಗೆ ಸುಳ್ಳು ಹೇಳಾಕ ಕಲಿಸಾಕತ್ತಿಯಲ್ಲೋ."

"ಸುಳ್ಳೇನ್ರಿ, ಟ್ಯಾಕ್ಟಿಕ್ಸ್ ರೀ ಅದು. ದೊಡ್ಡ ದೊಡ್ಡ ಪ್ಲೇಯರ್ಸ್ ಟಿವಿಯಾಗ ಬೀಳಂಗಿಲ್ಲೇನ್ರಿ? ಎಂಟು ಮಂದಿ ಇರಬೇಕು ಅಂದ್ರಿ, ಎಂಟನೇದಾಕಿ ಅಂತ ಹುಲಿಗಿನ್ನ ಕರಕೊಂಡ ಬಂದೆ. ಸಮವಸ್ತ್ರ ಹಾಕ್ಕೊಂಡು ಊರು ನೋಡಾಕತ್ತಾಳ, ಇನ್ನೇನ್ ಬೇಕ್ರಿ ಆಕಿಗೆ?"

ಬುಧವಾರ ಸಂಘಟಕರ ಸಮಿತಿಯ ಮುಂದೆ ವಿಷಯ ಇಟ್ಟೆ. ಸಂಚಾಲಕರು ಚಹಾ ತರಿಸಿದರು. "ಹೋಗ್ಲಿ ಬಿಡ್ರಿ ಮೇಡಂ, ಮಕ್ಕಳ ಆಟ. ಫೈನಲ್ ಒಂದ ಉಳದೈತಿ, ಈಗ್ಯಾಕ ರಾಡಿ ಎಬ್ಬಸ್ತೀರಿ?" ಎಂದರು. ಮಕ್ಕಳ ಆಟವಂತೆ! ಟೊಪ್ಪಿಗೆ ತೆಗೆಯುವವನು ಮಗುವೇ? ಗೆದ್ದ ತಂಡದ ಫೋಟೊ ತೆಗೆಸಿಕೊಳ್ಳಲು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಳ್ಳುವವರು ಮಕ್ಕಳೇ? ಅಲ್ಲಿ ಮಕ್ಕಳು ಮಾಡುತ್ತಿದ್ದುದು ಒಂದೇ, ದೊಡ್ಡವರು ಹೇಳಿದ್ದನ್ನು ಕೇಳುವುದು.

ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಅವರು, ಫೈನಲ್ಲಿನಲ್ಲಿ ಯಾರಿಗೆ ಗಾಯವಾಗಿದೆ, ಯಾರಿಗೆ ಇಲ್ಲ ಎಂಬುದನ್ನು ರೆಫರಿಯೇ ತೀರ್ಮಾನಿಸಲಿ ಎಂದು ಒಪ್ಪಿದರು. ಅಧಿಕಾರ ನನ್ನ ಕೈಗೆ ಬಂತು. ಮನೆಗೆ ಬರುವಾಗ ನನಗೆ ಸಮಾಧಾನವಾಗಿತ್ತು. ಆ ಸಮಾಧಾನ ಎಂಥದೆಂದು ಈಗ ಹೇಳಬಲ್ಲೆ. ಕಳ್ಳನನ್ನು ಹಿಡಿಯಲು ಹೊರಟ ಪೊಲೀಸಿನವನದು.

ಫೈನಲ್ ಕಂಪ್ಲಿಗೂ ಸಂಡೂರಿಗೂ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಕೋಚ್‌ಗಳನ್ನೂ ಕರೆದು ಹೊಸ ತೀರ್ಮಾನ ತಿಳಿಸಿದೆ. ವಿರೂಪಾಕ್ಷಿ ತಲೆಯಾಡಿಸಿದ. ಆಮೇಲೆ ಹುಲಿಗೆಮ್ಮನನ್ನು ಪಕ್ಕಕ್ಕೆ ಕರೆದು, "ಇವತ್ತು ಬೀಳಬ್ಯಾಡ. ಏನರೆ ಆಗ್ಲಿ, ಆಡು" ಎಂದೆ. ಅವಳು ಕಣ್ಣರಳಿಸಿ, "ಪೂರಾ ಆಡ್ಲೇನ್ರಿ?" ಎಂದು ಕೇಳಿದಳು. "ಪೂರಾ ಆಡು" ಎಂದೆ.

ಎರಡನೇ ಕ್ವಾರ್ಟರಿನ ಮೂರನೇ ನಿಮಿಷಕ್ಕೆ ಸರಿಯಾಗಿ ವಿರೂಪಾಕ್ಷಿಯ ಟೊಪ್ಪಿಗೆ ತಲೆಯಿಂದ ಇಳಿಯಿತು. ನನ್ನ ತೀರ್ಮಾನವನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹುಲಿಗೆಮ್ಮ ಅದನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು. "ಹುಲಿಗೀ!" ಎಂದು ಅವನು ಕೂಗಿದ. ಅವಳು ಓಡುತ್ತಲೇ ಇದ್ದಳು. ಐದನೇ ನಿಮಿಷದಲ್ಲಿ ಸಂಡೂರಿನವರು ಎಸೆದ ಪಾಸೊಂದು ಅವಳ ಕೈಗೆ ಸಿಕ್ಕಿತು. ಹಿಡಿದೇಬಿಟ್ಟಳು! ಪಕ್ಕದವಳಿಗೆ ಕೊಟ್ಟಳು, ಅವಳು ಬಾಸ್ಕೆಟ್ ಹಾಕಿದಳು. ಸುತ್ತ ಕೂತಿದ್ದ ತಾಯಂದಿರು ಚಪ್ಪಾಳೆ ತಟ್ಟಿದರು. ಹುಲಿಗೆಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಕ್ವಾರ್ಟರ್ ಮುಗಿಯಲು ಒಂದು ನಿಮಿಷ ಐವತ್ತು ಸೆಕೆಂಡ್ ಉಳಿದಿತ್ತು. ಸಂಡೂರು ಹನ್ನೆರಡು, ಕಂಪ್ಲಿ ಒಂಬತ್ತು. ವಿರೂಪಾಕ್ಷಿ ಮತ್ತೆ ಟೊಪ್ಪಿಗೆ ತೆಗೆದದ್ದನ್ನು ಓರೆಗಣ್ಣಿನಲ್ಲಿ ಕಂಡೆ. ಅದೇ ಹೊತ್ತಿಗೆ ಬೋರ್ಡಿಗೆ ಬಡಿದು ವಾಪಸಾದ ಚೆಂಡಿಗೆ ಮೂರ್ನಾಲ್ಕು ಹುಡುಗಿಯರು ಒಟ್ಟಿಗೆ ಜಿಗಿದರು. ನನ್ನ ಕಣ್ಣು ಚೆಂಡಿನ ಮೇಲಿತ್ತು. ತಿರುಗಿ ನೋಡಿದಾಗ ಹುಲಿಗೆಮ್ಮ ಕಾಂಕ್ರೀಟಿನ ಮೇಲೆ ಬಿದ್ದಿದ್ದಳು.

"ಸಬ್ ರೀ ಮೇಡಂ, ಸಬ್!" ಎಂದು ವಿರೂಪಾಕ್ಷಿ ಕಿರುಚಿದ. ಸಬ್ ಎಂದರೆ ಬದಲಿ. ಬೆಂಚಿನಲ್ಲಿ ಅಕ್ಷತಾ ಆಗಲೇ ಎದ್ದು ನಿಂತಿದ್ದಳು.

ನನಗೆ ಬಂದ ಸಿಟ್ಟು ಇಷ್ಟಂತಿಲ್ಲ. ಅವನ ಮೇಲೆ ಬಂತು. ಅಷ್ಟು ಹೇಳಿದರೂ ಬಿದ್ದಳಲ್ಲ ಎಂದು ಆ ಮಗುವಿನ ಮೇಲೂ ಬಂತು. ಹತ್ತಿರ ಹೋದೆ. ಮಂಡಿಯೂರಲಿಲ್ಲ, ಎಲ್ಲಿ ನೋವೆಂದು ಕೇಳಲಿಲ್ಲ. ನಿಂತೇ ಹೇಳಿದೆ: "ಏಳು ಹುಲಿಗಿ. ಇವತ್ತು ನಡಿಯಂಗಿಲ್ಲ ಇದು. ಎದ್ದು ಆಡು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಬಲಗೈ ಊರಿ ಎದ್ದಳು. ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ನಾನು ಆಟ ಮುಂದುವರಿಸಿದೆ. ಅವಳು ಅತ್ತಿಂದಿತ್ತ ಓಡಿದಳು. ಯಾರೋ ಪಾಸ್ ಕೊಟ್ಟರೆ ಹಿಡಿಯಲಿಲ್ಲ, ಚೆಂಡು ಪಕ್ಕದಿಂದ ಉರುಳಿಹೋಯಿತು. ಮುನಿಸು ಎಂದುಕೊಂಡೆ. ಒಂದು ನಿಮಿಷ ಐವತ್ತು ಸೆಕೆಂಡ್ ನಾನು ಗೆದ್ದೆ ಎಂದುಕೊಂಡಿದ್ದೆ. ವಿರೂಪಾಕ್ಷಿಯ ಆಟ ಮುರಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಕ್ವಾರ್ಟರ್ ಮುಗಿದ ಸೀಟಿಯಾದ ಕೂಡಲೇ ನನ್ನ ತೋಳು ಹಿಡಿದು ಜಗ್ಗಿದವಳು ಸಂಡೂರು ತಂಡದ ನಾಯಕಿ ರೇಣುಕಾ. ಅವಳಿಗೆ ಹನ್ನೆರಡೇ ವರ್ಷ. "ಮೇಡಂ, ಆಕಿ ಕೈ ನೋಡ್ರಿ. ಸೊಟ್ಟ ಆಗೇತಿ. ನಾ ಆಕಿ ಮ್ಯಾಲೆ ಬಿದ್ದಿದ್ದೆ ರೀ, ಟಕ್ ಅಂದಿದ್ದು ಕೇಳಿಸ್ತು. ಅವಾಗಿಂದ ನಿಮ್ಮನ್ನ ಕರಿಯಾಕತ್ತೀನ್ರಿ."

ಕರೆದಿದ್ದಳೋ ಏನೋ. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹುಲಿಗೆಮ್ಮನ ಎಡ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿ ಹೊರಕ್ಕೆ ಬಾಗಿತ್ತು. ಅವಳು ಅಳುತ್ತಲೂ ಇರಲಿಲ್ಲ.

ವಿರೂಪಾಕ್ಷಿ ಓಡಿಬಂದು ಮೊದಲು ಆಡಿದ ಮಾತು ಇದು: "ನೋಡ್ರಿ ಮೇಡಂ, ಸಬ್ ಕೊಡ್ರಿ ಅಂತ ನಾ ಅವಾಗ ಹೇಳಿದ್ದೆ." ಆ ಒಂದು ಸಲ ಅವನ ಮಾತು ಸರಿಯಾಗಿತ್ತು.

ಸೀಟಿಯನ್ನು ಎರಡನೇ ರೆಫರಿಯ ಕೈಗೆ ಕೊಟ್ಟು, ಆಟೋದಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿದ ವೈದ್ಯರು ಮಣಿಕಟ್ಟಿನ ಮೂಳೆ ಮುರಿದಿದೆ ಎಂದರು. "ಬಿದ್ದ ಮ್ಯಾಲೆ ಕೈ ಅಲುಗಾಡಿಸಿದ್ರೇನು?" ಎಂದು ಕೇಳಿದರು.

"ಸುಮಾರು ಎರಡು ನಿಮಿಷ ಆಡಿದಳು."

"ಮುರಿದ ಕೈಯಾಗ? ಯಾರ್ರಿ ಆಡಿಸಿದವರು?"

"ನಾನೇ" ಎಂದೆ.

ಪ್ಲಾಸ್ಟರ್ ಹಾಕುವಾಗ ಹುಲಿಗೆಮ್ಮನನ್ನು ನಾನೇ ಕೇಳಿದೆ: "ನೋವಾಗೇತಿ ಅಂತ ಯಾಕ ಹೇಳಲಿಲ್ಲವ್ವಾ?" ಅವಳು, "ಏನರೆ ಆಗ್ಲಿ ಆಡು ಅಂದಿದ್ರಲ್ರಿ" ಎಂದಳು. ದೂರುವ ದನಿಯೂ ಅಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಮಧ್ಯಾಹ್ನ ತಾಯಿ ಕಂಪ್ಲಿಯಿಂದ ಬಂದಳು. ಗಿರಣಿಯಿಂದ ನೇರ ಬಂದಿದ್ದರಿಂದ ತಲೆಯ ಮೇಲೆ ತೌಡಿನ ಪುಡಿ ಹಾಗೇ ಇತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಟೊಪ್ಪಿಗೆಯ ಸಂಗತಿ, ಮೂರು ಭಾನುವಾರದ ಸುಳ್ಳು, ನಾನು ಏಳು ಎಂದದ್ದು, ಯಾವುದನ್ನೂ ಬಿಡಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಆಕಿ ಮನ್ಯಾಗ ಸುಳ್ಳು ಹೇಳಾಕಿ ಅಲ್ರೀ ಮೇಡಮ್ಮೋರೆ. ಅದನ್ನ ಇಲ್ಲಿ ಬಂದು ಕಲತಾಳ. ಕಲಿಸಿದವರು ನಿಮ್ಮ ಮಂದಿ. ಸುಳ್ಳ ಬಿದ್ದಾಗ ನಂಬಿದ್ರಿ, ಖರೇ ಬಿದ್ದಾಗ ನಂಬಲಿಲ್ಲ. ನನ್ನ ಮಗಳು ಏನ್ ಮಾಡಬೇಕಾಗಿತ್ತು, ಅಷ್ಟು ಹೇಳ್ರಿ ನೀವು."



ಇನ್ನು ಆ ಪಂದ್ಯ. ಗಾಯ ನಿಜವಾದ್ದರಿಂದ, ನಾನು ಬರೆದ ನಿಯಮದ ಪ್ರಕಾರವೇ, ಹುಲಿಗೆಮ್ಮನ ಉಳಿದ ಕ್ವಾರ್ಟರಿಗೆ ಅವಳಿಗಿಂತ ಚೆನ್ನಾಗಿ ಆಡುವ ಇನ್ನೊಬ್ಬಳು ಇಳಿದಳು; ಅಕ್ಷತಾ ಕೊನೆಯ ಎರಡೂ ಕ್ವಾರ್ಟರ್ ಆಡಿದಳು. ಕಂಪ್ಲಿ ಇಪ್ಪತ್ತೆರಡು, ಸಂಡೂರು ಹತ್ತೊಂಬತ್ತು. ಫೈನಲ್ ಗೆದ್ದವರ ಕಪ್ಪು ಕಂಪ್ಲಿಗೆ ಹೋಯಿತು. ಎರಡು ದಿನದಲ್ಲಿ ಎಲ್ಲರ ಮೊಬೈಲಿಗೂ ಒಂದು ಫೋಟೊ ಬಂತು. ಪ್ಲಾಸ್ಟರ್ ಹಾಕಿದ ಹುಲಿಗೆಮ್ಮನನ್ನು ನಡುವೆ ಕೂರಿಸಿ, ಮಡಿಲಲ್ಲಿ ಕಪ್ಪಿಟ್ಟು, ಹಿಂದೆ ವಿರೂಪಾಕ್ಷಿ ನಗುತ್ತ ನಿಂತಿದ್ದ. ಕೆಳಗೆ 'ತಂಡಕ್ಕಾಗಿ ತ್ಯಾಗ' ಎಂದು ಬರೆದಿತ್ತು. ಮೊಬೈಲನ್ನು ಗೋಡೆಗೆ ಬೀಸಿ ಒಗೆಯಬೇಕೆನ್ನಿಸಿತು.

ಒಗೆಯಲಿಲ್ಲ. ಕೂತು ಮೂರು ಪುಟದ ವರದಿ ಬರೆದೆ. ಮೂರು ಪಂದ್ಯದ ನಿಮಿಷಗಳ ಲೆಕ್ಕ, ಟೊಪ್ಪಿಗೆಯ ಸಂಜ್ಞೆ, ಫೈನಲ್ಲಿನಲ್ಲಿ ಬಿದ್ದ ಮಗುವನ್ನು ಪರೀಕ್ಷಿಸದೆ ಆಡಿಸಿದ ರೆಫರಿಯ ತಪ್ಪು, ಎಲ್ಲವನ್ನೂ ಹೆಸರು ಹಿಡಿದು ಬರೆದೆ. ಕೋಚನ್ನು ತೆಗೆಯಿರಿ, ನನ್ನನ್ನೂ ತೆಗೆಯಿರಿ, ಕಪ್ಪನ್ನು ವಾಪಸು ಪಡೆದು ಯಾರಿಗೂ ಕೊಡಬೇಡಿ ಎಂದು ಕೇಳಿದೆ. ಸಂಚಾಲಕರು, "ನಿಮ್ಮ ಹೆಸರು ಯಾಕ ಬರಕೊಂತೀರಿ ಮೇಡಂ? ಅದೊಂದು ಪ್ಯಾರಾ ತಗದುಬಿಡ್ರಿ, ಉಳದಿದ್ದು ನೋಡೂಣು" ಎಂದರು. ನಾನು ಮುಂದಿನ ಭಾನುವಾರ ಪೋಷಕರನ್ನು ಅಂಗಳಕ್ಕೆ ಕರೆಸಿ, ಅವರ ಮುಂದೆ ನಿಂತು ಮೂರೂ ಪುಟ ಓದಿದೆ.

ಸಮಿತಿಯವರು ನನ್ನನ್ನು ತೆಗೆಯುವುದಕ್ಕೆ ಅಲ್ಲೇ ಒಪ್ಪಿಕೊಂಡರು. ವಿರೂಪಾಕ್ಷಿಗೆ ಮೌಖಿಕ ಎಚ್ಚರಿಕೆ ಕೊಟ್ಟರು. ಕಪ್ಪು ಅವನ ಬಳಿಯೇ ಉಳಿಯಿತು. ನ್ಯಾಯ ಎಂದು ಸಿಕ್ಕದ್ದು ಇಷ್ಟು. ಆದರೆ ಕಂಪ್ಲಿಯ ತಾಯಂದಿರು ಸಮಿತಿಗಾಗಿ ಕಾಯಲಿಲ್ಲ. ಅಕ್ಷತಾಳ ತಾಯಿಯೇ ಮೊದಲು ಮಗಳನ್ನು ಬಿಡಿಸಿದಳು. "ನನ್ನ ಮಗಳು ಗೆಲ್ಲಾಕ ಇನ್ನೊಬ್ಬರ ಮಗಳು ಬೀಳಬೇಕೇನ್ರಿ?" ಎಂದು ಅವನ ಮುಖಕ್ಕೇ ಕೇಳಿದಳಂತೆ. ಸಂಕ್ರಾಂತಿಯ ಹೊತ್ತಿಗೆ ಅವನ ಅಭ್ಯಾಸಕ್ಕೆ ಬರುವವರು ಇಬ್ಬರೇ ಉಳಿದಿದ್ದರು.

ಮರುವರ್ಷ ಲೀಗ್ ನಡೆಸಿದ ಹೊಸಬರು ನಿಯಮ ತಿದ್ದಿಕೊಡಿ ಎಂದು ಬಂದರು. ನಾಲ್ಕನೇ ನಿಯಮಕ್ಕೆ ಒಂದೇ ಸಾಲು ಸೇರಿಸಿದೆ: ಗಾಯವಾದವಳ ಬದಲಿಗೆ ಬರುವವಳು ಆ ದಿನ ಎಲ್ಲರಿಗಿಂತ ಕಡಿಮೆ ಆಡಿದವಳೇ ಆಗಿರಬೇಕು. ಮುಗಿಯಿತು. ಈಗ ಹುಡುಗಿಯೊಬ್ಬಳನ್ನು ಬೀಳಿಸಿ ಯಾವ ಕೋಚಿಗೂ ಲಾಭವಿಲ್ಲ. ಬರೆಯಲು ಎರಡು ನಿಮಿಷ ಹಿಡಿಯಿತು. ಮೊದಲ ಭಾನುವಾರದ ಸಂಜೆಯೇ ಅದನ್ನು ಬರೆಯಬಹುದಿತ್ತು. ನನ್ನ ಹೆಮ್ಮೆಯ ನಿಯಮದಲ್ಲಿ ತೂತಿದೆಯೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ತೂತು ಮುಚ್ಚುವುದು ಬಿಟ್ಟು, ಅದರೊಳಗೆ ದೊಡ್ಡವರು ದೂಡಿದ್ದ ಮಗುವನ್ನು ಹಿಡಿಯಲು ಹೊಂಚು ಹಾಕಿದೆ. ವಿರೂಪಾಕ್ಷಿಯ ಮೇಲಿನ ಸಿಟ್ಟು ಎಂದಾದರೂ ಆರೀತು. ಈ ಸಿಟ್ಟು ಆರುವುದಿಲ್ಲ.

ಹುಲಿಗೆಮ್ಮನ ಪ್ಲಾಸ್ಟರ್ ಬಿಚ್ಚಿದ್ದು ಆರು ವಾರಕ್ಕೆ. ಬೇಸಿಗೆ ಕಳೆದು ಶಾಲೆ ಶುರುವಾದ ಮೇಲೆ ಕಂಪ್ಲಿಗೆ ಹೋಗಿ ಅವಳನ್ನು ಕಂಡೆ. ಕೈ ನೆಟ್ಟಗಾಗಿತ್ತು. ಖೋಖೋ ತಂಡಕ್ಕೆ ಸೇರಿದ್ದಳು, ಎರಡೂ ಮಂಡಿ ತರಚಿದ್ದವು. ಬಾಸ್ಕೆಟ್‌ಬಾಲಿಗೆ ಮತ್ತೆ ಬರುತ್ತೀಯಾ, ನಾನೇ ಕಲಿಸುತ್ತೇನೆ ಎಂದು ಕೇಳಿದೆ.

"ಬ್ಯಾಡ್ರಿ ಮೇಡಂ" ಎಂದಳು. "ಅಲ್ಲಿ ನಾ ಬಿದ್ರ ಯಾರೂ ನಂಬಂಗಿಲ್ಲ. ಇಲ್ಲಿ ಬಿದ್ರ ಎಲ್ಲಾರೂ ಓಡಿಬರ್ತಾರ್ರಿ."

ಈಗಲೂ ಹೊಸ ರೆಫರಿಗಳಿಗೆ ತರಬೇತಿ ಕೊಡಲು ನನ್ನನ್ನು ಕರೆಯುತ್ತಾರೆ. ಸೀಟಿ ಹಿಡಿಯುವುದು, ಕೈಸಂಜ್ಞೆ ಎಲ್ಲ ಆಮೇಲೆ ಹೇಳುತ್ತೇನೆ. ಮೊದಲು ಹೇಳುವುದು ಇದನ್ನು: ಮಗು ಬಿದ್ದರೆ ನೀವು ಮಂಡಿಯೂರಿ. ಹತ್ತು ಸಲ ಸುಳ್ಳೇ ಬಿದ್ದಿದ್ದರೂ ಹನ್ನೊಂದನೇ ಸಲ ಮಂಡಿಯೂರಿ. ಮಗುವಿನಿಂದ ಹತ್ತು ಸಲ ಮೋಸಹೋದರೆ ರೆಫರಿಯ ಮೂಳೆಯೇನೂ ಮುರಿಯುವುದಿಲ್ಲ.